ಟೇಬಲ್ ರಾಕ್‌ನ ತಣ್ಣೀರಲ್ಲಿ ಐದು ದಿನ: ಮಾರ್ಚ್‌ನ ಬ್ಯಾಸ್ ಮೀನಿಗೆ ಯಾವ ಲೂರ್?

ಅಮೆರಿಕದ ಮಿಸೌರಿ ರಾಜ್ಯದ ನೈಋತ್ಯ ಮೂಲೆಯಲ್ಲಿ, ಓಝಾರ್ಕ್ ಗುಡ್ಡಗಳ ನಡುವೆ ವೈಟ್ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಟೇಬಲ್ ರಾಕ್. ಅಮೆರಿಕ ಸೇನೆಯ ಎಂಜಿನಿಯರ್ ದಳ 1958ರಲ್ಲಿ ಅಣೆಕಟ್ಟಿನ ಕೆಲಸ ಮುಗಿಸಿತು. ನೀರಿನ ಹರವು ಸುಮಾರು 43,000 ಎಕರೆ. ಒಂದು ತುದಿ ದಕ್ಷಿಣಕ್ಕೆ ಆರ್ಕನ್ಸಾದೊಳಗೂ ಹೊಕ್ಕಿದೆ. ಕಡಿದಾದ ಸುಣ್ಣಕಲ್ಲಿನ ದಂಡೆ, ಜಲ್ಲಿ ಹಾಸು, ಮುಳುಗಿ ನಿಂತ ಸೀಡರ್ ಮರಗಳು ಇಲ್ಲಿನ ನೆಲದ ಲಕ್ಷಣ. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್ ಎಂಬ ಮೂರೂ ಜಾತಿಯ ಬ್ಯಾಸ್ ಒಂದೇ ನೀರಿನಲ್ಲಿವೆ. ಸ್ಪಾಟೆಡ್ ಬ್ಯಾಸ್ ಅನ್ನು ಇಲ್ಲಿನವರು ಕೆಂಟಕಿ ಎಂದೇ ಕರೆಯುತ್ತಾರೆ.

ಮಾರ್ಚ್‌ನಲ್ಲಿ ಬರುವವರು ಮೊದಲು ಪರವಾನಗಿಯ ತಾರೀಖು ನೋಡಿಕೊಳ್ಳಬೇಕು. ಮಿಸೌರಿಯ ವಾರ್ಷಿಕ ಮೀನುಗಾರಿಕೆ ಪರವಾನಗಿ ಫೆಬ್ರವರಿಯ ಕೊನೆಯ ದಿನಕ್ಕೆ ಮುಗಿಯುತ್ತದೆ, ಜನವರಿಯಲ್ಲಿ ಕೊಂಡಿದ್ದರೂ ಅಷ್ಟೇ. ಈ ಜಲಾಶಯದಲ್ಲಿ 15 ಇಂಚಿಗಿಂತ (38 ಸೆಂ.ಮೀ.) ಚಿಕ್ಕ ಬ್ಯಾಸ್ ಇಟ್ಟುಕೊಳ್ಳುವಂತಿಲ್ಲ. ಮೂರೂ ಜಾತಿ ಸೇರಿ ದಿನಕ್ಕೆ ಆರು.

ತಣ್ಣೀರಿನ ಬ್ಯಾಸ್ ಹಸಿದಿರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಅದರ ಮೈ ನೀರಿನಷ್ಟೇ ತಣ್ಣಗಿರುತ್ತದೆ, ತಿಂದದ್ದು ಅರಗುವುದೂ ನಿಧಾನ. ಹಾಗಾಗಿ ಅದು ಓಡಿಸಿಕೊಂಡು ಹೋಗಿ ತಿನ್ನುವುದಿಲ್ಲ, ಮುಂದೆ ಬಂದು ನಿಂತದ್ದನ್ನು ಬಿಡುವುದೂ ಇಲ್ಲ. ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಪೆಟ್ಟಿಗೆ ತೆರೆದಾಗ ಕೇಳಬೇಕಾದ್ದು ಎರಡೇ ಪ್ರಶ್ನೆ: ಈ ಲೂರ್ ಮೀನಿರುವ ಆಳಕ್ಕೆ ಹೋಗುತ್ತದೆಯೇ? ಹೋದ ಮೇಲೆ ಅಲ್ಲಿ ಎಷ್ಟು ಹೊತ್ತು ಇರಬಲ್ಲದು? ಬಣ್ಣ, ಕಂಪನಿ, ಕಣ್ಣಿನ ಚಿತ್ರ ಎಲ್ಲ ಅದರ ನಂತರ.

ಮೊದಲ ದಿನ: ಅಣೆಕಟ್ಟಿನ ಬಳಿ, ನೀರು 7 ಡಿಗ್ರಿ

ದೋಣಿ ಇಳಿದದ್ದು ಅಣೆಕಟ್ಟಿನ ಪಕ್ಕದ ಸ್ಟೇಟ್ ಪಾರ್ಕಿನಲ್ಲಿ. ಬೆಳಿಗ್ಗೆ ಮೇಲ್ಪದರದ ಕಾವು 7 ಡಿಗ್ರಿ ಸೆಲ್ಸಿಯಸ್, ಬಿಳಿ ಲೂರ್ ಇಳಿಬಿಟ್ಟರೆ ಹತ್ತು ಅಡಿಯ ತನಕ ಕಾಣುವಷ್ಟು ತಿಳಿ. ಆಕಾಶದಲ್ಲಿ ತೆಳು ಮೋಡ, ನೈಋತ್ಯದಿಂದ ಹದವಾದ ಗಾಳಿ. ಇಂಥ ಬೆಳಗಿಗೆ ಜರ್ಕ್‌ಬೈಟ್ ಬಿಟ್ಟು ಬೇರೆ ಯೋಚನೆ ಬೇಡ.

ಜರ್ಕ್‌ಬೈಟ್ ಎಂದರೆ ನಾಲ್ಕೂವರೆ ಇಂಚು ಆಸುಪಾಸಿನ ಸಪೂರ ಪ್ಲಾಸ್ಟಿಕ್ ಮೀನು. ಎಳೆದಾಗ ಐದಾರು ಅಡಿ ಮುಳುಗುತ್ತದೆ, ನಿಲ್ಲಿಸಿದಾಗ ಮೇಲೂ ಬರದೆ ಕೆಳಗೂ ಹೋಗದೆ ಅಲ್ಲೇ ತೂಗುತ್ತದೆ. ತಣ್ಣೀರಿನಲ್ಲಿ ಅದರ ಬೆಲೆ ಇರುವುದು ಈ ತೂಗುವಿಕೆಯಲ್ಲೇ. ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಮೀನಿಗೆ ಚಳಿ ತಡೆಯದು. ನೀರು 7 ಡಿಗ್ರಿಗಿಂತ ಇಳಿದರೆ ಅದು ಬಳಲಿ, ಒದ್ದಾಡಿ, ಅಡ್ಡಬಿದ್ದು ಸಾಯುತ್ತದೆ. ಎರಡು ಸಲ ಮಿಡುಕಿ ಸುಮ್ಮನಾಗುವ ಶ್ಯಾಡ್ ಅನ್ನು ಇಡೀ ಚಳಿಗಾಲ ಕಂಡ ಬ್ಯಾಸ್, ಹದಿನೈದು ಇಪ್ಪತ್ತು ಅಡಿ ಆಳದಿಂದಲೂ ಮೇಲೆದ್ದು ಬಂದು ಜರ್ಕ್‌ಬೈಟನ್ನು ನೋಡುತ್ತದೆ. ನೀರು ತಿಳಿಯಿದ್ದರೆ ಮಾತ್ರ. ಲೂರ್ ಯಾವಾಗಲೂ ಮೀನಿಗಿಂತ ಮೇಲೇ ಇರಬೇಕು. ಬ್ಯಾಸ್ ಮೇಲಕ್ಕೆ ನೋಡಿ ಹಿಡಿಯುತ್ತದೆ, ತನಗಿಂತ ಕೆಳಗೆ ಹಾದುಹೋದದ್ದಕ್ಕೆ ಈ ಚಳಿಯಲ್ಲಿ ತಲೆ ತಿರುಗಿಸುವುದು ಅಪರೂಪ.

ಡಬ್ಬಿಯ ಮೇಲೆ ‘ಸಸ್ಪೆಂಡಿಂಗ್’ ಎಂದು ಅಚ್ಚಾಗಿರುವುದನ್ನು ನಂಬಿ ಕೂರುವಂತಿಲ್ಲ. ಅದೇ ಲೂರ್ ಬೇರೆ ಕಾವಿನಲ್ಲಿ, ಬೇರೆ ದಾರದಲ್ಲಿ, ಬೇರೆ ಕೊಕ್ಕೆಯಲ್ಲಿ ಬೇರೆ ಥರ ನಿಲ್ಲುತ್ತದೆ. ಪರೀಕ್ಷೆ ನಡೆಯಬೇಕಾದ್ದು ಅದೇ ಜಲಾಶಯದ ನೀರಿನಲ್ಲಿ, ಬಚ್ಚಲಿನ ತೊಟ್ಟಿಯಲ್ಲಲ್ಲ. ದೋಣಿಯ ಪಕ್ಕದಲ್ಲಿ ರಾಡ್ (ಗಾಳದ ಕೋಲು) ತುದಿಯಿಂದ ಲೂರನ್ನು ಎರಡು ಅಡಿ ಕೆಳಕ್ಕೆ ಎಳೆದು, ದಾರ ಸಡಿಲ ಬಿಟ್ಟು ಹತ್ತು ಎಣಿಸಿ. ಮೂತಿ ಸ್ವಲ್ಪ ಕೆಳಗೆ ಬಾಗಿ ಅಲ್ಲೇ ನಿಂತರೆ ಸರಿ. ಇಂಚಿಂಚಾಗಿ ಬಹಳ ನಿಧಾನಕ್ಕೆ ಮೇಲೆದ್ದರೂ ನಡೆದೀತು. ಬೆಂಡಿನಂತೆ ಪುಟಿದು ಮೇಲೆ ಬಂದರೆ ತೂಕ ಸೇರಿಸಬೇಕು. ಅದಕ್ಕೆಂದೇ ಅಂಟುವ ಸೀಸದ ಚುಕ್ಕೆಗಳು ಸಿಗುತ್ತವೆ. ಒಂದು ಚುಕ್ಕೆಯನ್ನು ಹೊಟ್ಟೆಯಡಿ, ಮೂತಿಯಡಿಯ ಪ್ಲಾಸ್ಟಿಕ್ ತುಟಿಗೂ ಮುಂದಿನ ಕೊಕ್ಕೆಗೂ ನಡುವೆ ಒತ್ತಿ ಅಂಟಿಸಿ ಮತ್ತೆ ನೋಡಿ. ಚುಕ್ಕೆ ಇಲ್ಲದಿದ್ದರೆ ಮುಂದಿನ ಕೊಕ್ಕೆಯ ಕಾಂಡಕ್ಕೆ ಸೀಸದ ತೆಳು ತಂತಿ ಎರಡು ಸುತ್ತು ಸುತ್ತಿದರೂ ಆಯಿತು. ಬಾಲದ ಕಡೆ ಮಾತ್ರ ತೂಕ ಬೇಡ. ಬಾಲ ಜೋತರೆ ಲೂರ್ ಎಡಬಲ ಹೊರಳುವುದನ್ನೇ ಬಿಡುತ್ತದೆ. ಉಲ್ಟಾ, ಲೂರ್ ಮುಳುಗುತ್ತಿದ್ದರೆ ತೆಳು ತಂತಿಯ ಕೊಕ್ಕೆ ಹಾಕಿ, ಅಥವಾ ಮೂತಿಯ ಉಕ್ಕಿನ ಉಂಗುರ ತೆಗೆದು ಹಗುರ ಸ್ನ್ಯಾಪ್ (ಪುಟ್ಟ ತಂತಿ ಕ್ಲಿಪ್ಪು) ಕಟ್ಟಿ.

ದಾರದ ಪಾತ್ರ ಜನ ಅಂದುಕೊಂಡದ್ದಕ್ಕಿಂತ ದೊಡ್ಡದು. ಫ್ಲೋರೋಕಾರ್ಬನ್ ನೀರಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು ಸಾಂದ್ರ, ನೈಲಾನ್ ಸ್ವಲ್ಪ ಮಾತ್ರ ಹೆಚ್ಚು. ದೂರಕ್ಕೆ ಎಸೆದಾಗ ನೂರಡಿ ಫ್ಲೋರೋಕಾರ್ಬನ್ ತನ್ನ ಭಾರಕ್ಕೇ ಲೂರ್ ಮೂತಿಯನ್ನು ಕೆಳಗೆ ಎಳೆಯುತ್ತಿರುತ್ತದೆ. ಇಲ್ಲಿ 10 ಪೌಂಡಿನ (ಅಷ್ಟು ಭಾರಕ್ಕೆ ತುಂಡಾಗದ) ಫ್ಲೋರೋಕಾರ್ಬನ್ ಒಳ್ಳೆಯ ರಾಜಿ. 14 ಪೌಂಡಿಗೆ ಹೋದರೆ ದಪ್ಪ ದಾರದ ತಡೆಗೆ ಲೂರ್ ಒಂದಡಿಯಷ್ಟು ಮೇಲೇ ಓಡುತ್ತದೆ. 8ಕ್ಕೆ ಇಳಿದರೆ ಆಳ ಸಿಗುತ್ತದೆ, ಆದರೆ ಸೀಡರ್ ಕೊಂಬೆಗೆ ಉಜ್ಜಿದ ಮೊದಲ ಮೀನಿಗೇ ದಾರ ಹೋಗುತ್ತದೆ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣ ಗಂಟು ಬಿಗಿಯುವಾಗಲೇ ಉಜ್ಜಿ ಕಾದು ಸವೆದಿರುತ್ತದೆ, ಅದು ತುಂಡಾದಾಗ ದಾರದ ಕಂಪನಿಗೆ ಬೈಗುಳ.

ರಾಡ್ ಆರೂಮುಕ್ಕಾಲು ಅಡಿ, ಮೀಡಿಯಂ. ತುದಿ ನೀರಿನ ಕಡೆ. ಮೊದಲು ಐದಾರು ಸುತ್ತು ರೀಲ್ ತಿರುಗಿಸಿ ಲೂರನ್ನು ಆಳಕ್ಕೆ ಇಳಿಸಿ, ಆಮೇಲೆ ಆರೆಂಟು ಇಂಚಿನ ಎರಡು ಜಗ್ಗು, ನಿಲುಗಡೆ. ಒಂದೊಂದು ಜಗ್ಗಾದ ಮೇಲೂ ತುದಿಯನ್ನು ಕೂಡಲೇ ಲೂರ್ ಕಡೆಗೆ ಹಿಂದಕ್ಕೆ ಕೊಡಬೇಕು. ಸಡಿಲ ದಾರವಿದ್ದರೆ ಮಾತ್ರ ಲೂರ್ ಪಕ್ಕಕ್ಕೆ ಹೊರಳುತ್ತದೆ, ಬಿಗಿದಾರದಲ್ಲಿ ಅದು ನೇರ ಮುಂದಕ್ಕೆ ಜಗ್ಗಿಕೊಂಡು ಬರುತ್ತದೆ. 7 ಡಿಗ್ರಿಯಲ್ಲಿ ನಿಲುಗಡೆ ಹತ್ತು ಸೆಕೆಂಡಿನಿಂದ ಶುರು, ಇಪ್ಪತ್ತರ ತನಕ. ಕೈಗೆ ಇಷ್ಟು ಕಷ್ಟದ ಕೆಲಸ ಬೇರೆ ಇಲ್ಲ. ಮನಸ್ಸಿನಲ್ಲಿ ಎಣಿಸಿದರೆ ಎಲ್ಲರೂ ಅವಸರಿಸುತ್ತಾರೆ, ಗಡಿಯಾರ ನೋಡುವುದೇ ವಾಸಿ. ಕಚ್ಚುವುದು ಬಹುಪಾಲು ನಿಂತಿದ್ದಾಗಲೇ. ಏಟು ಬೀಳುವುದಿಲ್ಲ. ದಾರ ಒಂದಿಂಚು ಸರಿಯುತ್ತದೆ, ಅಥವಾ ಮುಂದಿನ ಜಗ್ಗಿಗೆ ಏನೋ ಭಾರ ತಗಲುತ್ತದೆ. ಆಗ ಜೋರಾಗಿ ಕೀಳದೆ ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಎಳೆಯಿರಿ. ಸಣ್ಣ ಟ್ರೆಬಲ್ (ಮೂರು ಮೊನೆಯ) ಕೊಕ್ಕೆಗಳು ತುಟಿಯ ಅಂಚಿನಲ್ಲಷ್ಟೇ ಸಿಕ್ಕಿರುತ್ತವೆ.

ಮಧ್ಯಾಹ್ನ ಗಾಳಿ ಎದ್ದಾಗ ಬೇರೊಂದು ತೊಂದರೆ. ಮೀನಿಗೆ ಗಾಳಿ ಒಳ್ಳೆಯದೇ, ಅಲೆ ಬೆಳಕನ್ನು ಒಡೆಯುತ್ತದೆ. ಆದರೆ ದಾರ ಬಿಲ್ಲಾಗಿ ಬಾಗಿ ನಿಲುಗಡೆಯಲ್ಲೂ ಲೂರನ್ನು ಎಳೆಯುತ್ತಲೇ ಇರುತ್ತದೆ. ಹಿಡಿದವನ ಲೆಕ್ಕದಲ್ಲಿ ಅದು ನಿಂತಿದೆ, ನೀರಿನೊಳಗೆ ನಡೆಯುತ್ತಿದೆ. ಗಾಳಿ ಬೆನ್ನಿಗೆ ಅಥವಾ ಮುಖಕ್ಕೆ ನೇರವಾಗುವಂತೆ ಎಸೆಯಬೇಕು, ಅಡ್ಡ ಅಲ್ಲ. ದೋಣಿಯ ಮೂತಿ ಗಾಳಿಗೆ ಕೊಟ್ಟು ಟ್ರೋಲಿಂಗ್ ಮೋಟರ್‌ನಿಂದ (ದೋಣಿಯನ್ನು ಮೆಲ್ಲಗೆ ನಡೆಸುವ ಪುಟ್ಟ ವಿದ್ಯುತ್ ಮೋಟರ್) ಅದನ್ನು ಒಂದೇ ಜಾಗದಲ್ಲಿ ಹಿಡಿದಿಡಬೇಕು.

ಬಂಡೆಗೋಡೆ ಮುಗಿದು ಜಲ್ಲಿ ಶುರುವಾಗುವ ಜಾಗಗಳಲ್ಲೇ ದಿನ ಕಳೆಯಿತು. ಗೋಡೆಯ ನಟ್ಟನಡುವೆ ಏನೂ ಇಲ್ಲ, ತುದಿಗಳಲ್ಲಿ ಮೀನು.

ಎರಡನೇ ದಿನ: ಲಾಂಗ್ ಕ್ರೀಕ್ ಕವಲು, ಬಿಸಿಲು, ಗಾಳಿಯಿಲ್ಲ

ಕಾವು ಅಷ್ಟೇ, ಬೆಳಕು ಬೇರೆ. ನೀರು ಕನ್ನಡಿಯಾಗಿತ್ತು. ನಿನ್ನೆಯ ಜರ್ಕ್‌ಬೈಟನ್ನು ಮೀನು ಹಿಂಬಾಲಿಸಿ ಬಂದು ಮೂರಡಿ ದೂರದಲ್ಲಿ ನಿಂತು ತಿರುಗಿಹೋಗುವುದು ಕಣ್ಣಿಗೇ ಕಾಣುತ್ತದೆ. ಹಿಂಬಾಲಿಸಿ ತಿರುಗಿದರೆ ಬಣ್ಣ ಬದಲಿಸುವುದು ವಾಡಿಕೆ. ಹೊಳಪಿನ ಬದಲು ಅರೆಪಾರದರ್ಶಕ ಬಣ್ಣ ಕಟ್ಟಿದರೆ ಒಂದೆರಡು ಮೀನು ಬಂದಾವು. ಆದರೆ ಗಾಳಿಯಿಲ್ಲದ ಬಿಸಿಲಲ್ಲಿ ಬಹುಪಾಲು ಮೀನು ದಂಡೆ ಬಿಟ್ಟು, ಮುಳುಗಿದ ಮರಗಳ ನಡುವೆ ಇಪ್ಪತ್ತೈದು ಮೂವತ್ತು ಅಡಿಯಲ್ಲಿ ನೇತಾಡುತ್ತಿರುತ್ತವೆ. ಐದಡಿ ಆಳದಲ್ಲಿ ಓಡುವ ಲೂರ್‌ಗೆ ಅವು ಯಾವ ಬಣ್ಣಕ್ಕೂ ಏಳುವುದಿಲ್ಲ.

ಇಲ್ಲಿ ಸೋನಾರ್ (ಶಬ್ದದ ಅಲೆಯಿಂದ ನೀರಿನಡಿ ತೋರಿಸುವ ಯಂತ್ರ) ಪರದೆಯೇ ಕಣ್ಣು. ಶ್ಯಾಡ್ ಗುಂಪು ಮೋಡದಂತೆ, ಅದರ ಕೆಳಗೆ ಅಥವಾ ಪಕ್ಕದಲ್ಲಿ ದಪ್ಪ ಗೀರುಗಳು. ಇದಕ್ಕೆ ಮೂರು ಆಯುಧ.

ಮೊದಲನೆಯದು ಪುಟ್ಟ ಜಿಗ್ ತಲೆಗೆ (ಸೀಸದ ಗುಂಡು ಕೂರಿಸಿದ ಕೊಕ್ಕೆಗೆ) ಪೋಣಿಸಿದ ಮೆದು ಪ್ಲಾಸ್ಟಿಕ್ ಮೀನು: ಕಾಲು ಔನ್ಸ್ (7 ಗ್ರಾಂ) ತಲೆ, ಮೂರೂವರೆ ನಾಲ್ಕು ಇಂಚಿನ ಮೈ. ನೇರ ಕೆಳಗೆ ಇಳಿಸಿ, ಮೀನಿಗಿಂತ ಎರಡು ಮೂರು ಅಡಿ ಮೇಲೆ ತಡೆದು, ಅಲ್ಲಾಡಿಸದೆ ಹಿಡಿಯುವುದು. ಮೈ ಸಮತಟ್ಟಾಗಿ ಮಲಗಿರಬೇಕು. ಗಂಟು ಕೊಕ್ಕೆ ಉಂಗುರದ ಮುಂದಕ್ಕೆ ಜಾರಿದರೆ ಬಾಲ ಕೆಳಗಾಗಿ ಸತ್ತ ಎಲೆ ನೇತುಬಿದ್ದಂತಾಗುತ್ತದೆ. ಪ್ರತಿ ಸಲ ಇಳಿಸುವ ಮುನ್ನ ಬೆರಳಿನಿಂದ ಗಂಟನ್ನು ಉಂಗುರದ ಹಿಂಬದಿಗೆ ಸರಿಸಿ. ತಣ್ಣೀರಿನಲ್ಲಿ ಇದಕ್ಕೆ ಬಾಲ ಬಡಿಯುವ ಪ್ಲಾಸ್ಟಿಕ್ ಬೇಡ, ಚೂಪು ಬಾಲದ ಸುಮ್ಮನಿರುವ ಮೈಯೇ ಸರಿ.

ಎರಡನೆಯದು ಬ್ಲೇಡ್‌ಬೈಟ್. ಲೋಹದ ತೆಳು ತಗಡು, ಹೊಟ್ಟೆಗೆ ಸೀಸ, ಅರ್ಧ ಔನ್ಸ್. ಮೀನು ತಳಕ್ಕೆ ಅಂಟಿದ್ದಾಗ ಮಾತ್ರ. ತಳ ಮುಟ್ಟಿಸಿ, ಕೈಗೆ ನಡುಕ ತಾಗುವಷ್ಟೇ, ಆರರಿಂದ ಹನ್ನೆರಡು ಇಂಚು ಎತ್ತಿ, ಬಿದ್ದಂತೆ ತುದಿಯನ್ನೂ ಇಳಿಸುತ್ತ ಹೋಗಿ. ಪೂರ್ತಿ ಸಡಿಲ ಬಿಟ್ಟರೆ ಕೊಕ್ಕೆ ದಾರಕ್ಕೇ ಸಿಕ್ಕಿಕೊಳ್ಳುತ್ತದೆ, ಪೂರ್ತಿ ಬಿಗಿ ಹಿಡಿದರೆ ಬೀಳುವಾಗಿನ ಓಲಾಟ ಸಾಯುತ್ತದೆ. ಬೆನ್ನ ಮೇಲೆ ಎರಡು ಮೂರು ತೂತುಗಳಿದ್ದರೆ ಮುಂದಿನದರಲ್ಲಿ ಕಂಪನ ಬಿಗಿ, ಹಿಂದಿನದರಲ್ಲಿ ಅಗಲ. ಈ ಕಾವಿಗೆ ಮುಂದಿನದೇ. ತಗಡಿಗೆ ದಾರವನ್ನು ನೇರ ಕಟ್ಟಬೇಡಿ, ತೂತಿನ ಅಂಚು ಕತ್ತರಿಸುತ್ತದೆ, ನಡುವೆ ಸ್ನ್ಯಾಪ್ ಇರಲಿ. ಮರಗಳ ನಡುವೆ ಇದನ್ನು ಬಿಟ್ಟರೆ ವಾಪಸ್ ಬರುವ ಆಸೆ ಬಿಡಬೇಕು.

ಮೂರನೆಯದು ಐದು ತಂತಿಗಳ ಛತ್ರಿ ರಿಗ್ (ಲೂರ್‌ಗಳನ್ನು ಕಟ್ಟುವ ಜೋಡಣೆ), ಅಂದರೆ ಅಲಬಾಮಾ ರಿಗ್. ಬ್ಯಾಸ್ ಪಂದ್ಯಗಾರ ಪಾಲ್ ಇಲಿಯಾಸ್ 2011ರ ಅಕ್ಟೋಬರ್‌ನಲ್ಲಿ ಅಲಬಾಮಾದ ಗಂಟರ್ಸ್‌ವಿಲ್ ಕೆರೆಯ ಪಂದ್ಯವನ್ನು ಇದರಿಂದ ಗೆದ್ದ ಮೇಲೆ ದೇಶವೆಲ್ಲ ಇದರ ಹಿಂದೆ ಬಿತ್ತು. ಐದು ಪುಟ್ಟ ಮೀನುಗಳ ಗುಂಪಿನಂತೆ ಕಾಣುತ್ತದೆ. ಎಷ್ಟು ಕೊಕ್ಕೆ ಇರಬಹುದು ಎಂಬ ನಿಯಮ ರಾಜ್ಯ ರಾಜ್ಯಕ್ಕೆ ಬೇರೆ. ಮಿತಿ ಮೀರುವ ತಂತಿಗಳಿಗೆ ಕೊಕ್ಕೆಯಿಲ್ಲದ ಮೈ ಪೋಣಿಸುವುದು ರೂಢಿ. ಟೇಬಲ್ ರಾಕ್‌ನಂತೆ ಎರಡು ರಾಜ್ಯಗಳ ಗಡಿ ಹಾಯುವ ನೀರಿನಲ್ಲಿ ಎರಡೂ ಕಡೆಯ ನಿಯಮ ಓದಿಕೊಂಡೇ ಕಟ್ಟಬೇಕು. ಒಂದೊಂದು ತಲೆ ಎಂಟನೇ ಒಂದು ಔನ್ಸ್ (3.5 ಗ್ರಾಂ), ನಡುವಿನ ಮೀನು ಉಳಿದವಕ್ಕಿಂತ ಅರ್ಧ ಇಂಚು ದೊಡ್ಡದು. ಒಟ್ಟು ತೂಕ ಮಾಮೂಲಿ ರಾಡ್ ತಡೆಯದು. ಏಳೂವರೆ ಅಡಿ ದಾಟಿದ ಹೆವಿ ರಾಡ್, 65 ಪೌಂಡಿನ ಹೆಣೆದ ದಾರ ಬೇಕು. ಎಸೆದು, ಬೇಕಾದ ಆಳದ ತನಕ ಎಣಿಸಿ, ಒಂದೇ ಸಮ ನಿಧಾನಕ್ಕೆ ಸುತ್ತುವುದು. ಇದರಲ್ಲಿ ಕೌಶಲ ಕಡಿಮೆ, ತೋಳಿನ ಕೆಲಸ ಹೆಚ್ಚು. ಮೀನು ಸಿಗುತ್ತದೆಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ಮೂವತ್ತಡಿಯಿಂದ ಮೇಲೆಳೆದ ಬ್ಯಾಸ್‌ನ ಗಾಳಿಚೀಲ ಉಬ್ಬಿರಬಹುದು. ಫೋಟೋಕ್ಕೆ ಹಿಡಿದು ನಿಲ್ಲಿಸದೆ ಕೂಡಲೇ ತಲೆ ಕೆಳಗಾಗಿ ನೀರಿಗೆ ಬಿಟ್ಟರೆ ಹೆಚ್ಚಿನವು ತಾವೇ ಇಳಿದುಹೋಗುತ್ತವೆ. ಹೊಟ್ಟೆ ಮೇಲಾಗಿ ತೇಲಿದರೆ ಆ ಆಳದಲ್ಲಿ ಹಿಡಿಯುವುದನ್ನೇ ನಿಲ್ಲಿಸುವುದು ಸರಿ.

ಮೂರನೇ ದಿನ: ಮಳೆ, ಜೇಮ್ಸ್ ನದಿಯ ಕವಲು

ರಾತ್ರಿಯಿಡೀ ಬೆಚ್ಚಗಿನ ಮಳೆ. ದೋಣಿಯನ್ನು ಟ್ರೇಲರ್‌ಗೆ ಹತ್ತಿಸಿ ರಸ್ತೆಯಲ್ಲಿ ಈ ಕವಲಿನ ದಂಡೆಯ ಕೇಪ್ ಫೇರ್ ಊರಿಗೆ ಸಾಗಿದ್ದು ಇದೇ ಕಾರಣಕ್ಕೆ. ಜೇಮ್ಸ್ ನದಿ ಉತ್ತರದಿಂದ, ಸ್ಪ್ರಿಂಗ್‌ಫೀಲ್ಡ್ ನಗರದ ಕಡೆಯಿಂದ ಬರುತ್ತದೆ. ಮಳೆ ಬಿದ್ದರೆ ಮೊದಲು ಬಣ್ಣ ತಿರುಗುವುದು ಈ ಕವಲು. ಬಣ್ಣದ ನೀರು ಬಿಸಿಲನ್ನು ಹೀರಿ ಬೇಗ ಕಾಯುತ್ತದೆ. ಅಣೆಕಟ್ಟಿನ ಬಳಿ ಇನ್ನೂ 7 ಇದ್ದರೆ ಇಲ್ಲಿ 10.

ಹತ್ತು ಎನ್ನುವ ಅಂಕಿಗಿಂತ, ಅದು ಎತ್ತ ಸಾಗುತ್ತಿದೆ ಎಂಬುದು ದೊಡ್ಡದು. 8ರಿಂದ ಏರಿ 10ಕ್ಕೆ ಬಂದ ನೀರಿನಲ್ಲಿ ಮೀನು ದಂಡೆಯ ಕಡೆ ಮುಖ ಮಾಡಿರುತ್ತದೆ, 12ರಿಂದ ಇಳಿದು 10ಕ್ಕೆ ಬಂದ ನೀರಿನಲ್ಲಿ ಬೆನ್ನು ಮಾಡಿರುತ್ತದೆ. ಥರ್ಮಾಮೀಟರ್ ತೋರಿಸುವುದು ಒಂದೇ ಅಂಕಿ, ಆಯ್ಕೆಯಾಗುವ ಲೂರ್ ಬೇರೆ ಬೇರೆ. ದಿನಕ್ಕೆ ಮೂರು ಸಲ ಒಂದೇ ಜಾಗದ ಕಾವನ್ನು ಬರೆದಿಡುವುದು ಹೊಸ ಲೂರ್ ಕೊಳ್ಳುವುದಕ್ಕಿಂತ ಲಾಭದ ಕೆಲಸ.

ಏರುತ್ತಿದ್ದ ಈ ಹತ್ತು ಡಿಗ್ರಿಗೆ ಕ್ರ್ಯಾಂಕ್‌ಬೈಟ್, ಅಂದರೆ ಸುತ್ತಿದಾಗ ಮೂತಿಯ ತುಟಿಯಿಂದ ನಡುಗುತ್ತ ಮುಳುಗುವ ಲೂರ್. ಓಝಾರ್ಕ್‌ನಲ್ಲಿ ಮಾರ್ಚ್ ಎಂದರೆ ಸ್ಟಾರ್ಮ್ ಕಂಪನಿಯ ವಿಗಲ್ ವಾರ್ಟ್. ತಣ್ಣೀರಿಗೆ ಚಪ್ಪಟೆ ಪಕ್ಕೆಯ, ಬಿಗಿಯಾಗಿ ನಡುಗುವ ಕ್ರ್ಯಾಂಕ್‌ಬೈಟೇ ಸರಿ, ಅಗಲವಾಗಿ ಹೊರಳುವವು ಬೇಸಗೆಗೆ ಎಂಬುದು ಎಲ್ಲ ಕಡೆಯ ಪಾಠ. ದುಂಡು ಮೈಯ ವಾರ್ಟ್ ಆ ಪಾಠ ಮುರಿಯುತ್ತದೆ. ಅದು ನೇರ ಓಡುವುದಿಲ್ಲ, ಆಗಾಗ ಪಕ್ಕಕ್ಕೆ ತಪ್ಪಿ ಮತ್ತೆ ದಾರಿಗೆ ಬರುತ್ತದೆ, ಒಳಗಿನ ಗುಂಡು ಗಲಗಲ ಎನ್ನುತ್ತದೆ. ಸ್ಟಾರ್ಮ್ ಕಂಪನಿಯನ್ನು ಲೂರ್ ತಯಾರಿಸುವ ರಪಾಲಾ 1999ರಲ್ಲಿ ಕೊಂಡಿತು. ಅದಕ್ಕೂ ಹಿಂದಿನ ವಾರ್ಟ್‌ಗಳನ್ನು ಜನ ಇಂದಿಗೂ ಹುಡುಕಿ ಹೆಚ್ಚಿನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಳೆಯದು ಎಂದಮಾತ್ರಕ್ಕೆ ಎಲ್ಲವೂ ಓಡುವುದಿಲ್ಲ, ಹೊಸದರಲ್ಲೂ ಓಡುವವು ಇವೆ. ನೀರಿಗೆ ಹಾಕಿ ನೋಡದೆ ಹೇಳಲಾಗದು.

ಬಣ್ಣ ಕೆಂಪು, ಕಿತ್ತಳೆ, ಕಂದು. ಹತ್ತು ಡಿಗ್ರಿಯ ಸುತ್ತಮುತ್ತ ಕ್ರೇಫಿಶ್ (ನಳ್ಳಿ ಕೈಯ ಸಿಹಿನೀರಿನ ಜೀವಿ) ಕಲ್ಲಿನ ಸಂದಿಯಿಂದ ಹೊರಗೆ ಓಡಾಡತೊಡಗುತ್ತದೆ, ಬ್ಯಾಸ್ ಶ್ಯಾಡ್ ಬಿಟ್ಟು ಅದರ ಕಡೆ ತಿರುಗುತ್ತದೆ. ಕಲ್ಲೆಂದರೆ ಫುಟ್‌ಬಾಲ್ ಗಾತ್ರದ ಒಡಕು ಕಲ್ಲುಗಳ ದಂಡೆ. ನುಣುಪು ಜಲ್ಲಿಗಿಂತ ಇದೇ ಮೇಲು.

ದೋಣಿಯನ್ನು ದಂಡೆಗೆ ಹತ್ತಿರ ತಂದು ದಂಡೆಗೆ ಸಮಾನಾಂತರವಾಗಿ ಎಸೆಯಬೇಕು. ಹೊರಗಿನಿಂದ ದಂಡೆಗೆ ನೇರ ಎಸೆದರೆ ಲೂರ್ ನಾಲ್ಕರಿಂದ ಎಂಟಡಿ ಆಳದ ಪಟ್ಟಿಯಲ್ಲಿ ಎರಡು ಸೆಕೆಂಡ್ ಇರುತ್ತದೆ. ಸಮಾನಾಂತರ ಎಸೆದರೆ ಇಡೀ ಎಸೆತ ಅದೇ ಪಟ್ಟಿಯಲ್ಲಿ. 10 ಪೌಂಡ್ ದಾರದಲ್ಲಿ ವಾರ್ಟ್ ಎಂಟು ಅಡಿ ಮುಟ್ಟುತ್ತದೆ. ಕಲ್ಲಿಗೆ ಬಡಿಯಲೇಬೇಕು. ಬಡಿದ ಕ್ಷಣ ಸುತ್ತುವುದನ್ನು ಒಂದು ಸೆಕೆಂಡ್ ನಿಲ್ಲಿಸಿದರೆ ತೇಲುವ ಲೂರ್ ತಾನೇ ಮೇಲೆದ್ದು ಬಿಡಿಸಿಕೊಳ್ಳುತ್ತದೆ, ಮೀನು ಹಿಡಿಯುವುದೂ ಆಗಲೇ. ಗಾಬರಿಯಿಂದ ಜಗ್ಗಿದರೆ ಕಲ್ಲಿನ ಸಂದಿಗೆ ಸಿಕ್ಕಿ ಕೂರುತ್ತದೆ. ಹಿಡಿ ಒಂದು ಸುತ್ತು ತಿರುಗಿದರೆ ಉರುಳೆ ಐದು ಚಿಲ್ಲರೆ ಸುತ್ತು ತಿರುಗುವ ನಿಧಾನ ಗೇರಿನ ರೀಲ್, ಏಳಡಿಯ ಫೈಬರ್‌ಗ್ಲಾಸ್ ರಾಡ್. ಗ್ಲಾಸ್ ಏಕೆಂದರೆ ಅದು ತಡವಾಗಿ ಬಾಗಿ ಮೀನಿಗೆ ಲೂರನ್ನು ಬಾಯೊಳಗೆ ತೆಗೆದುಕೊಳ್ಳಲು ಸಮಯ ಕೊಡುತ್ತದೆ. ಗಡಸು ರಾಡ್ ಟ್ರೆಬಲ್ ಕೊಕ್ಕೆಯನ್ನು ಕಿತ್ತುಬಿಡುತ್ತದೆ.

ಲೂರ್ ಒಂದೇ ಕಡೆ ವಾಲಿ ಓಡುತ್ತಿದ್ದರೆ ಮೂತಿಯ ತಂತಿ ಉಂಗುರವನ್ನು ತಿದ್ದಬೇಕು. ಲೂರ್ ಮೂತಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಬರುವಾಗ ಎಡಕ್ಕೆ ವಾಲುತ್ತಿದ್ದರೆ ಉಂಗುರವನ್ನು ನಿಮ್ಮ ಬಲಕ್ಕೆ, ಇಕ್ಕಳದಿಂದ ಕೂದಲೆಳೆಯಷ್ಟು ಬಾಗಿಸಿ, ಎಸೆದು ನೋಡಿ, ಮತ್ತೆ ಬಾಗಿಸಿ. ತಿರುಚಬೇಡಿ, ಬುಡ ಸಡಿಲವಾಗಿ ನೀರು ಒಳಗಿಳಿಯುತ್ತದೆ. ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಗಂಟಿನ ಮೇಲಿನ ಎರಡಡಿ ದಾರದ ಮೇಲೆ ಉಗುರು ಓಡಿಸಿ. ಗರಗಸದಂತೆ ತಾಗಿದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಕವಲಿನ ಮೇಲ್ಭಾಗದಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿ ಒಂದಡಿಯಷ್ಟೇ ಕಾಣುತ್ತಿತ್ತು. ಅಲ್ಲಿ ಸ್ಪಿನ್ನರ್‌ಬೈಟ್ (ತಂತಿಗೆ ತಿರುಗುವ ತಗಡು ಕಟ್ಟಿದ ಲೂರ್): ಅರ್ಧ ಔನ್ಸ್, ದುಂಡನೆಯ ಕೊಲರಾಡೊ ಬ್ಲೇಡ್ ಒಂದೇ. ಎಲೆಯಾಕಾರದ ವಿಲೋ ಬ್ಲೇಡ್ ಹೊಳೆಯುತ್ತದೆ, ದುಂಡಗಿನದು ನೀರನ್ನು ಗುದ್ದುತ್ತದೆ. ಕಾಣದ ನೀರಿನಲ್ಲಿ ಬ್ಯಾಸ್ ಪಕ್ಕೆಯ ಸಂವೇದನಾ ಗೆರೆಯಿಂದ ಆ ಗುದ್ದನ್ನು ತಿಳಿಯುತ್ತದೆ. ರಾಡ್ ಹಿಡಿಯಲ್ಲಿ ಒಂದೊಂದು ಸುತ್ತೂ ಬೇರೆಬೇರೆಯಾಗಿ ಎಣಿಸಲು ಬರುವಷ್ಟು ನಿಧಾನಕ್ಕೆ ಸುತ್ತಬೇಕು. ಅದಕ್ಕೂ ಮೇಲೆ, ಕಟ್ಟಿಗೆ ಕಸ ತೇಲುವಲ್ಲಿ, ಲೂರ್ ಅರ್ಧ ಅಡಿಗೇ ಮಾಯವಾಯಿತು. ಅಲ್ಲಿ ಹೊತ್ತು ಹಾಕುವುದಕ್ಕಿಂತ ಕೆಸರು ನೀರೂ ತಿಳಿನೀರೂ ಕೂಡುವ ಗೆರೆಗೆ ಹಿಂತಿರುಗುವುದು ಉತ್ತಮ.

ನಾಲ್ಕನೇ ದಿನ: ಉತ್ತರದ ಗಾಳಿ

ಮಳೆ ಹಿಂದೆಯೇ ಶೀತಗಾಳಿ. ಆಕಾಶ ಗಾಢ ನೀಲಿ, ಮುಂಜಾನೆ ಶೂನ್ಯಕ್ಕಿಂತ ಕೆಳಗೆ. ನಿನ್ನೆ 10 ಇದ್ದ ನೀರು 8.5. ರಾಡಿನ ಉಂಗುರಗಳಲ್ಲಿ ಹಿಮ ಕಟ್ಟುತ್ತದೆ. ಅದನ್ನು ಉಗುರಿನಿಂದ ಕೀಳಬೇಡಿ, ಒಳಗಿನ ಪಿಂಗಾಣಿ ಬಳೆ ಒಡೆಯುತ್ತದೆ. ತುದಿಯನ್ನು ನೀರಿಗೆ ಅದ್ದಿದರೆ ಸಾಕು, ಕರಗುತ್ತದೆ.

ಮೀನು ನಿನ್ನೆಯ ದಂಡೆಯನ್ನು ಬಿಟ್ಟು ಬಹುದೂರ ಹೋಗುವುದಿಲ್ಲ. ಅದೇ ದಂಡೆ ಕಡಿದಾಗುವ ಹತ್ತಿರದ ಜಾಗಕ್ಕೆ, ನದಿಯ ಹಳೇ ಪಾತ್ರ ದಂಡೆಗೆ ಒತ್ತಿಬರುವ ತಿರುವಿಗೆ, ಹನ್ನೆರಡರಿಂದ ಹದಿನೆಂಟು ಅಡಿಗೆ ಇಳಿದು ಕಲ್ಲಿಗೆ ಅಂಟಿಕೊಳ್ಳುತ್ತದೆ. ಕ್ರ್ಯಾಂಕ್‌ಬೈಟ್ ತಲೆಯ ಮೇಲೆ ಹಾದುಹೋಗುತ್ತದೆ, ಅದು ನೋಡುವುದಿಲ್ಲ. ತಳದಲ್ಲಿ ತೆವಳುವುದು ಬೇಕು.

ಜಿಗ್: ಔನ್ಸಿನ ಎಂಟರಲ್ಲಿ ಮೂರು ಪಾಲು (10.6 ಗ್ರಾಂ), ಅಡ್ಡ ಅಗಲದ ಫುಟ್‌ಬಾಲ್ ತಲೆ. ಅಂಗಡಿಯಿಂದ ತಂದ ಹಾಗೇ ಕಟ್ಟಬಾರದು. ಕಸ ಸಿಕ್ಕದಂತೆ ಕೊಕ್ಕೆ ಮುಂದೆ ಇರುವ ನೈಲಾನ್ ಕುಂಚದಲ್ಲಿ ಮೂರರಲ್ಲೊಂದು ಪಾಲು ಎಳೆಗಳನ್ನು ಬುಡದಲ್ಲೇ ಕತ್ತರಿಸಿ, ತಣ್ಣೀರಿನ ಮೆದು ಕಚ್ಚುವಿಕೆಗೆ ಗಡಸು ಕುಂಚ ಅಡ್ಡಬರುತ್ತದೆ. ರಬ್ಬರ್ ಲಂಗವನ್ನು ಕೊಕ್ಕೆಯ ಬಾಗಿಗಿಂತ ಸ್ವಲ್ಪ ಉದ್ದಕ್ಕೆ ಕತ್ತರಿಸಿ ಮೈ ಚಿಕ್ಕದು ಮಾಡಿ. ಹಿಂದೆ ಪೋಣಿಸುವ ಪ್ಲಾಸ್ಟಿಕ್ ಕೈಗಳು ಬಡಿಯುವಂಥದ್ದು ಬೇಡ, ಮೊಂಡು ತುಂಡು ಸಾಕು. ಬಣ್ಣ ಹಸಿರು ಕಂದು, ತುದಿಗೆ ಒಂಚೂರು ಕಿತ್ತಳೆ. ಕುಪ್ಪಳಿಸಬೇಡಿ. ರಾಡನ್ನು ಪಕ್ಕಕ್ಕೆ ಒಂದಡಿ ಎಳೆದು, ಕಲ್ಲಿಗೆ ತಾಗಿದಲ್ಲಿ ನಿಲ್ಲಿಸಿ, ಕಲ್ಲನ್ನು ಏರುವ ತನಕ ಒತ್ತಿ, ಆಚೆ ಉರುಳಿಸಿ ಮತ್ತೆ ನಿಲ್ಲಿಸಿ. ಕಚ್ಚಿದ್ದು ಟಕ್ ಎನ್ನುವುದಿಲ್ಲ. ಕಲ್ಲಿನ ಗಡಸು ಹೋಗಿ ಒದ್ದೆ ಹತ್ತಿ ಎಳೆದಂತೆ ಆಗುತ್ತದೆ. ಸಂಶಯ ಬಂದರೆ ಎಳೆಯಿರಿ.

ಅದೂ ನಡೆಯದಿದ್ದರೆ ನೆಡ್ ರಿಗ್. ಅಣಬೆ ತಲೆಯ ಮೂರರಿಂದ ಐದು ಗ್ರಾಂ ಜಿಗ್, ಎರಡೂಮುಕ್ಕಾಲು ಇಂಚಿನ ಮೊಂಡು ಕಡ್ಡಿ, ಹೆಣೆದ ದಾರಕ್ಕೆ 8 ಪೌಂಡಿನ ಫ್ಲೋರೋಕಾರ್ಬನ್ ತುದಿದಾರ. ಇದರ ಕಡ್ಡಿಗೆ ಬಳಸುವ ತೇಲುವ, ಹಿಗ್ಗುವ ಪ್ಲಾಸ್ಟಿಕ್ ಬಾಲವನ್ನು ಮೇಲೆ ಎತ್ತಿ ನಿಲ್ಲಿಸುತ್ತದೆ, ಏನೂ ಮಾಡದೆ ಇದ್ದಾಗಲೂ ಅಲ್ಲಾಡುತ್ತಿರುತ್ತದೆ. ಅದನ್ನು ಮಾಮೂಲಿ ಮೆದು ಪ್ಲಾಸ್ಟಿಕ್ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಎರಡೂ ಕರಗಿ ಗೋಂದಾಗುತ್ತವೆ. ಮೂಲ ಚೀಲದಲ್ಲೇ ಬೇರೆ ಇಡಿ.

ಇಂಥ ದಿನ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ, ಸುಮಾರು ಹತ್ತು ನಿಮಿಷದ ನಂತರ ಕೈಕಾಲು ಕೆಲಸ ಮಾಡುವುದಿಲ್ಲ. ಲೈಫ್ ಜಾಕೆಟ್ ಮೈಮೇಲೇ ಇರಬೇಕು, ಸೀಟಿನಡಿ ಅಲ್ಲ. 26 ಅಡಿಗಿಂತ ಚಿಕ್ಕ ಮೋಟರ್ ದೋಣಿಯಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ಅಮೆರಿಕದ ಕಾನೂನು 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಟೇಬಲ್ ರಾಕ್‌ನಲ್ಲಿ ನೀರಿನಡಿ ನಿಂತ ಮರಗಳು ಕೆಲವು ಕಡೆ ಮೇಲ್ಮೈಗೆ ಹತ್ತಿರವೇ ಇವೆ.

ಐದನೇ ದಿನ: ಬಿಸಿಲು ಮರಳಿತು

ಗಾಳಿ ಮತ್ತೆ ದಕ್ಷಿಣಕ್ಕೆ ತಿರುಗಿತು. ಬೆಳಿಗ್ಗೆ 9, ಮಧ್ಯಾಹ್ನ ಎರಡರ ಹೊತ್ತಿಗೆ ಉತ್ತರ ದಂಡೆಯ ಕೊಲ್ಲಿಗಳಲ್ಲಿ 12. ಉತ್ತರ ದಂಡೆ ದಿನವಿಡೀ ದಕ್ಷಿಣದ ಬಿಸಿಲಿಗೆ ಮುಖ ಮಾಡಿರುತ್ತದೆ, ಶೀತದ ಉತ್ತರಗಾಳಿಗೆ ಗುಡ್ಡ ಮರೆ. ಆಚೆ ದಂಡೆಯ ನೆರಳಿನಲ್ಲಿ ಅದೇ ಗಂಟೆಗೆ ಎರಡು ಮೂರು ಡಿಗ್ರಿ ಕಡಿಮೆ. ಬೆಳಿಗ್ಗೆ ಬೇಗ ಏಳುವ ಉತ್ಸಾಹಕ್ಕೆ ಈ ತಿಂಗಳಲ್ಲಿ ಬೆಲೆಯಿಲ್ಲ. ಒಂದರಿಂದ ಐದು ಗಂಟೆ ಒಳ್ಳೆಯ ಹೊತ್ತು.

ಬೆಳಿಗ್ಗೆ ನಿನ್ನೆಯ ಜಿಗ್ ನಿನ್ನೆಯ ತಿರುವಿನಲ್ಲೇ. ಹನ್ನೊಂದರ ಹೊತ್ತಿಗೆ ಅಲ್ಲಿ ಕಚ್ಚುವುದು ನಿಂತರೆ, ಮೀನು ಬಾಯಿ ಮುಚ್ಚಿಕೊಂಡಿತು ಎಂದಲ್ಲ, ಹೊರಟಿತು ಎಂದರ್ಥ. ಕೊಲ್ಲಿಯೊಳಗೆ ಎರಡನೇ ಸಾಲಿನ ಪಾಯಿಂಟ್‌ಗಳು, ಅಂದರೆ ಬಾಯಿಗೂ ತುದಿಗೂ ನಡುವೆ ನೀರಿಗೆ ಚಾಚಿದ ನೆಲ, ಮೀನು ಮೊಟ್ಟೆಯಿಡಲು ಹೋಗುವ ದಾರಿಯಲ್ಲಿ ತಂಗುವ ಜಾಗ. ಮೊಟ್ಟೆಗೆ ಇನ್ನೂ ಕಾಲವಿದೆ, ಅದಕ್ಕೆ ನೀರು 15 ದಾಟಬೇಕು. ಈಗ ಬರೀ ತಂಗುದಾಣ. ಆರಡಿಯೊಳಗಿನ ಪಾಯಿಂಟ್‌ಗಳ ಮೇಲೆ ವಾರ್ಟ್ ಮತ್ತೆ ಬಡಿಯತೊಡಗಿತು, ಆಳ ಹೆಚ್ಚಿದಲ್ಲಿ ಜರ್ಕ್‌ಬೈಟ್.

ಈ ಜರ್ಕ್‌ಬೈಟ್ ಮೊದಲ ದಿನದ್ದೇ, ಸೀಸದ ಚುಕ್ಕೆಯೂ ಅದೇ. ಬದಲಾದದ್ದು ನಿಲುಗಡೆ. 12 ಡಿಗ್ರಿಯಲ್ಲಿ ಇಪ್ಪತ್ತು ಸೆಕೆಂಡ್ ನಿಲ್ಲಿಸಿದರೆ ಮೀನು ಬಂದು, ಪರೀಕ್ಷಿಸಿ, ಪ್ಲಾಸ್ಟಿಕ್ ಎಂದು ತಿಳಿದು ಹೋಗುತ್ತದೆ. ಎರಡು ಮೂರು ಸೆಕೆಂಡ್, ಆಮೇಲೆ ಜೋರು ಜಗ್ಗು. ಒಂದೇ ಲೂರ್ ಎರಡು ಬೇರೆ ಲೂರ್‌ಗಳಂತೆ ಕೆಲಸ ಮಾಡುವುದು ಹೀಗೆ. ಹಿಂದಿನ ಕೊಕ್ಕೆಗೆ ಮಾತ್ರ ಹಿಡಿಯುತ್ತಿದ್ದರೆ ಮೀನು ಹಿಂದಿನಿಂದ ಅನುಮಾನದಲ್ಲಿ ಹಿಡಿಯುತ್ತಿದೆ, ನಿಲುಗಡೆ ಇನ್ನೂ ತಪ್ಪಾಗಿದೆ. ಮುಂದಿನ ಕೊಕ್ಕೆ ಗಂಟಲ ಕಡೆ ಸಿಕ್ಕಿದ್ದರೆ ಲೆಕ್ಕ ಸರಿಬಂದಿದೆ, ಬದಲಿಸಲು ಹೋಗಬೇಡಿ.

ಸಂಜೆ ಕೊಲ್ಲಿಯ ತುದಿಯಲ್ಲಿ, ಒಣ ಹಳ್ಳ ಬಂದು ಸೇರುವಲ್ಲಿ ನೀರು 13 ಮುಟ್ಟಿತು. ಅಲ್ಲಿ ಸಿಕ್ಕಿದವೆಲ್ಲ ಚಿಕ್ಕ ಗಂಡುಗಳು, 15 ಇಂಚಿನ ಗೆರೆಗೆ ಕಡಿಮೆ. ಕಾವು ಹೆಚ್ಚಿದ ಕಡೆಗೇ ದೊಡ್ಡ ಮೀನೂ ಇರುತ್ತದೆಂದು ಜನ ಕೊಲ್ಲಿಯ ತುದಿಗೆ ನುಗ್ಗುತ್ತಾರೆ. ಮೊಟ್ಟೆ ಹೊತ್ತ ದೊಡ್ಡ ಹೆಣ್ಣುಗಳು ಈ ಹೊತ್ತಿನಲ್ಲಿ ಒಂದು ಪಾಯಿಂಟ್ ಹಿಂದೆ, ಆಳಕ್ಕೆ ಒಂದೇ ಬಾಲಬೀಸಿನ ದೂರದಲ್ಲಿರುತ್ತವೆ.

ದಂಡೆಯ ಇಳಿಜಾರಿನಲ್ಲಿ ದೋಣಿಯನ್ನು ಟ್ರೇಲರ್‌ಗೆ ಹತ್ತಿಸಿದ ಮೇಲೆ ಲೂರ್ ಪೆಟ್ಟಿಗೆಗಳನ್ನು ಮುಚ್ಚಳ ತೆರೆದೇ ಇಡಬೇಕು. ಒದ್ದೆ ಲೂರ್ ಒಂದನ್ನು ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಪೆಟ್ಟಿಗೆಯ ಕೊಕ್ಕೆಗಳಿಗೆಲ್ಲ ತುಕ್ಕು ಹತ್ತಲು ಶುರು. ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಬದಲಿಸಿ. ಅದೇ ಗಾತ್ರ, ಅದೇ ತಂತಿ ದಪ್ಪದ ಕೊಕ್ಕೆಯೇ ಇರಲಿ. ಜರ್ಕ್‌ಬೈಟ್ ಆದರೆ ಬದಲಿಸಿದ ಮೇಲೆ ಮತ್ತೆ ನೀರಿಗೆ ಇಳಿಸಿ, ಹತ್ತು ಎಣಿಸಿ ನೋಡಬೇಕು.